ಮಾಯನ್ನರ ಗುಡಿಯ ಮುಂದೆ ಅವ್ವನ ತೆಂಗಿನಕಾಯಿ

ಹಳೆಯ ಗುಡಿಗಳನ್ನು ನೋಡುವವರಲ್ಲಿ ಎರಡು ಜಾತಿ: ಫಲಕ ಓದುವವರು, ಕೈ ಮುಗಿಯುವವರು. ನಾನು ಮೊದಲನೆಯ ಜಾತಿ. ಸಿದ್ದಾಪುರದ ಅಶೋಕನ ಶಾಸನ ನೋಡಲು ಹೋಗಿ ಪಕ್ಕದ ಫಲಕವನ್ನಷ್ಟೇ ಓದಿ ಬಂದವನು. ಅವ್ವ ಎರಡನೆಯ ಜಾತಿ. ಕಲ್ಲಿಗೆ ಒಂದಿಷ್ಟು ವಯಸ್ಸಾಗಿದ್ದರೆ ಸಾಕು, ಅದರ ಮುಂದೆ ಚಪ್ಪಲಿ ಬಿಡುತ್ತಾಳೆ. ಇಂಥ ಇಬ್ಬರು ಒಟ್ಟಿಗೆ ಪ್ರವಾಸ ಹೋಗಬಾರದು. ಹೋದೆವು, ಅದೂ ಮೆಕ್ಸಿಕೋಗೆ.

ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲು ನಡೆಸುವವನಿಗೆ ಮೆಕ್ಸಿಕೋದ ಹಳೆಯ ಜನಾಂಗವಾದ ಮಾಯನ್ನರ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳಬೇಡಿ. ಟಿವಿಯಲ್ಲಿ ನೋಡಿದ್ದು, ಹಿಡಿಯಿತು. ಹೆಂಡತಿಗೆ ವಿಮಾನವೆಂದರೆ ಭಯ. "ನೀನೊಬ್ನೇ ಹೋಗಿ ಎಲ್ಲಾರ ತಪ್ಪಿಸ್ಕೊಂಡ್ರೆ? ನಾನು ಬರ್ತೀನಿ ನಡಿ" ಎಂದು ಎಪ್ಪತ್ತು ದಾಟಿದ ಅವ್ವ ಹೊರಟೇಬಿಟ್ಟಳು. ಅವಳು ಮೊಳಕಾಲ್ಮೂರಿನಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಬಾರದವರಿಗೆಲ್ಲ ತೆಲುಗು ಬಂದೇ ಬರುತ್ತದೆ ಎಂಬುದು ಅವಳ ನಂಬಿಕೆ. ವಿಮಾನದಲ್ಲಿ ಗಗನಸಖಿಗೆ "ನೀಳ್ಳು ಇವ್ವಮ್ಮಾ" ಎಂದಳು. ನೀರು ಬಂತು. ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ನಮ್ಮ ಪ್ರವಾಸಿ ತಂಡ ಇಳಿದುಕೊಂಡದ್ದು ವಯ್ಯದೋಲಿದ್ ಎಂಬ ಊರಿನಲ್ಲಿ. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋದರೆ ಒಣಮೆಣಸಿನಕಾಯಿಯ ರಾಶಿ, ಮೆಕ್ಕೆಜೋಳದ ರೊಟ್ಟಿ ತಟ್ಟುವ ಹೆಂಗಸರು. "ಇಷ್ಟು ದೂರ ಬಂದು ನಮ್ ಸಂತೇನೇ ನೋಡ್ದಂಗಾತಲ್ಲೋ" ಎಂದ ಅವ್ವ ಒಂದು ತೆಂಗಿನಕಾಯಿ ಕೊಂಡು ಚೀಲಕ್ಕೆ ಹಾಕಿಕೊಂಡಳು. ದಾರಿಯಲ್ಲಿ ತಿನ್ನಲಿಕ್ಕಿರಬೇಕು ಅಂದುಕೊಂಡೆ. ಹೆತ್ತವಳನ್ನು ಅರ್ಥ ಮಾಡಿಕೊಳ್ಳದವರಲ್ಲಿ ನಾನೇ ಮೊದಲಿಗನಲ್ಲ.

ಅಲ್ಲಿಂದ ಮಾಯನ್ನರ ಪಾಳುನಗರ ಎಕ್ ಬಲಾಮ್‌ಗೆ ಹೋದೆವು. ಕಾಡಿನ ನಡುವೆ ಗುಡ್ಡದಂಥ ಕಲ್ಲಿನ ಕಟ್ಟಡ. ಮೇಲುಗಡೆ ಹಲ್ಲು ಕಿರಿದ ದೊಡ್ಡದೊಂದು ಬಾಯಿಯೇ ಬಾಗಿಲು. "ಗೌರಸಮುದ್ರದ ಮಾರಮ್ಮ ಸಿಟ್ಟಾದ್ರೆ ಹಿಂಗೇ ಇರ್ತಾಳೇನೋ" ಎಂದಳು ಅವ್ವ. ನಾನು ಫಲಕದ ಕಡೆ ತಿರುಗಿದೆ. ಒಂದು ಪ್ಯಾರಾ ಮುಗಿದಿರಲಿಲ್ಲ, ಸೀಟಿ ಕೇಳಿಸಿತು. ತಿರುಗಿ ನೋಡಿದರೆ ಅವ್ವ ಬರಿಗಾಲಲ್ಲಿ ನಿಂತು, ಸಾವಿರ ವರ್ಷದ ಮೆಟ್ಟಿಲಿಗೆ ಒಡೆಯಲು ತೆಂಗಿನಕಾಯಿ ಎತ್ತಿದ್ದಾಳೆ. ಕಾವಲುಗಾರ ಓಡಿ ಬರುತ್ತಿದ್ದಾನೆ.

ನನಗೆ ಮೆಕ್ಸಿಕೋದ ಜೈಲು ಕಣ್ಣ ಮುಂದೆ ಬಂತು. ಅದರೊಳಗೆ ಅವ್ವ, ಅವಳ ಮುಂದೆ ತೆಲುಗು ಕಲಿಯುತ್ತಿರುವ ಕೈದಿಗಳು. ನನ್ನ ಇಂಗ್ಲಿಷಿನಲ್ಲಿ "ಮದರ್, ಓಲ್ಡ್, ಗಾಡ್" ಎಂಬ ಮೂರು ಪದಗಳನ್ನು ಬಿಟ್ಟರೆ ಉಳಿದವೆಲ್ಲ ಆ ಕ್ಷಣ ಕೈಕೊಟ್ಟವು. ಕಾವಲುಗಾರ ನನ್ನತ್ತ ನೋಡಲೂ ಇಲ್ಲ. ಕುಳ್ಳಗಿನ, ತಲೆ ನರೆತ ಆ ಮನುಷ್ಯ ಅವ್ವನಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿದ. "ದೇವುಡಿಕಿ ನಾಯ್ನಾ, ಒಕಟೇ ಕಾಯಿ" ಎಂದು, ದೇವರಿಗೆ ಒಂದೇ ಒಂದು ಕಾಯಿ ಎಂಬ ಅಹವಾಲನ್ನು ಅವ್ವ ತೆಲುಗಿನಲ್ಲಿ ಸಲ್ಲಿಸಿದಳು. ಅವನು ತಲೆಯಾಡಿಸಿ, ಕಾಯಿ ಇಸಿದುಕೊಂಡು, ಹಿಂದೆ ಬಾ ಎಂದು ಸನ್ನೆ ಮಾಡಿದ.

"ಪೂಜಾರಿ ಕರೀತಾನೆ, ಬಾರಲೇ" ಎಂದು ಅವ್ವ ನಡೆದಳು. ಪೊಲೀಸರ ಹತ್ತಿರವೇ ಎಂದುಕೊಂಡು ನಾನು ಹಿಂದೆ ಹೋದೆ.

ಅವನು ಕರೆದೊಯ್ದದ್ದು ಗೇಟಿನಾಚೆಯ ಹಣ್ಣಿನ ಅಂಗಡಿಗೆ. ಅಂಗಡಿಯ ಹೆಂಗಸಿನ ಕೈಯಿಂದ ಮಚ್ಚು ಇಸಿದುಕೊಂಡು, ಕಾಯಿಯ ತಲೆ ಹಾರಿಸಿ, ಅದಕ್ಕೊಂದು ಸ್ಟ್ರಾ ಸಿಕ್ಕಿಸಿ ಅವ್ವನ ಕೈಗಿತ್ತ. ಪಾಪ, ಮುದುಕಿಗೆ ಬಾಯಾರಿಕೆ ತಡೆಯಲಾಗದೆ ಕಲ್ಲಿಗೆ ಕುಟ್ಟಲು ಹೊರಟಿದ್ದಾಳೆ ಎಂದು ಅವನು ತಿಳಿದಿದ್ದ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಅವ್ವ ಸ್ಟ್ರಾ ಕಿತ್ತು ನನ್ನ ಕೈಗಿಟ್ಟಳು. ನಾಲ್ಕು ಹನಿ ನೆಲಕ್ಕೆ ಬಿಟ್ಟು, ಗುಡಿಯ ಕಡೆ ಕೈ ಮುಗಿದು, ಕಾಯಿ ಹೋಳು ಮಾಡಿಸಿ ಮೊದಲ ಚೂರನ್ನು ಅವನಿಗೆ ಕೊಟ್ಟಳು. ಅವನು ಅದಕ್ಕೆ ನಿಂಬೆಹಣ್ಣು ಹಿಂಡಿ, ಖಾರದಪುಡಿ ಉದುರಿಸಿ ಕಣ್ಣರಳಿಸಿ ತಿಂದ. "ಪ್ರಸಾದಕ್ಕೆ ಖಾರ ಹಾಕ್ಕೊಂಡ್ನಲ್ಲೋ" ಎಂದು ಅವ್ವ ನಕ್ಕು, ತನ್ನ ಚೂರನ್ನೂ ಮುಂದೆ ಚಾಚಿದಳು. ನಾನೂ ತಿಂದೆ. ಜೈಲು ತಪ್ಪಿದವನ ನಾಲಿಗೆಗೆ ಎಲ್ಲವೂ ರುಚಿ.

ಊರಿಗೆ ಮರಳಿದ ಮೇಲೆ ತಂಡದವರೊಬ್ಬರು ಒಂದು ಫೋಟೋ ಕಳಿಸಿದರು. ಸೀಟಿ ಕೇಳಿದ ಗಳಿಗೆಯಲ್ಲಿ ತೆಗೆದದ್ದು: ಗುಡಿಯ ಮುಂದೆ ನಾನು, ನನಗೇ ಗೊತ್ತಿಲ್ಲದೆ, ಸಿಕ್ಕಿಬಿದ್ದ ಕಳ್ಳನ ಹಾಗೆ ಎರಡೂ ಕೈ ಮೇಲೆತ್ತಿ ನಿಂತಿದ್ದೇನೆ. ಅವ್ವ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದಾಳೆ. ಬಂದವರಿಗೆಲ್ಲ, "ಇಲ್ಲಿ ಯಾವ ದೇವ್ರಿಗೂ ಕೈ ಮುಗಿಯಲ್ಲ ಇವ್ನು. ಅಲ್ಲಿ ನೋಡ್ರಿ, ಹೆಂಗೆ ಶರಣಾಗ್ಯಾನೆ" ಎನ್ನುತ್ತಾಳೆ. ಬಂದವರು ನನ್ನನ್ನು ಗೌರವದಿಂದ ನೋಡುತ್ತಾರೆ. ನಾನು ತಿದ್ದಲು ಹೋಗಿಲ್ಲ.