ಎರಡೂವರೆಯನೇ ಮಹಡಿಯ ಬಾತ್‌ಟಬ್

ಅತ್ತೆ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. “ಮಂಡಿ ನೋವು ಜಾಸ್ತಿಯಾಗಿದೆ. ಶುಕ್ರವಾರ ಸಂಜೆ ಆರಕ್ಕೆ ಬರ್ತೀನಿ.” ಉಳಿದದ್ದನ್ನೆಲ್ಲ ಮಗಳು ತಾನೇ ಅರ್ಥ ಮಾಡಿಕೊಂಡಳು. ಆ ಮನೆತನದಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

“ರೀ, ಆ ಬಾತ್‌ಟಬ್ ತೆಗೆಸಿಬಿಡಿ,” ಎಂದಳು ಗಂಡನಿಗೆ. “ಅದರ ಅಂಚು ಮಂಡಿಯೆತ್ತರ ಇದೆ. ಅಮ್ಮ ಕಾಲೆತ್ತಿ ದಾಟೋದು ಹೇಗೆ? ನಡ್ಕೊಂಡು ಹೋಗಿ ನಿಂತ್ರೆ ಸಾಕು, ಅಂಥ ಷವರ್ ಹಾಕಿಸಿ.”

ಗಂಡ ಲೈಬ್ರರಿಯನ್. ಹದಿನೆಂಟು ವರ್ಷಗಳಿಂದ ತುಟಿಗೆ ಬೆರಳಿಟ್ಟು ‘ಶ್’ ಎಂದು ಸಂಬಳ ತೆಗೆದುಕೊಳ್ಳುತ್ತಿದ್ದವನು. ಮನೆಯಲ್ಲಿ ಆ ಬೆರಳಿಗೆ ಬೆಲೆಯಿರಲಿಲ್ಲ. ಅಲ್ಲಿ ಅವನ ಪಾಲಿಗೆ ಬಂದ ಮೌನವೆಂದರೆ ಬೆಳಗಿನ ಅರ್ಧ ಗಂಟೆ: ಸ್ನಾನದ ಮನೆಯ ಚಿಲಕ ಹಾಕಿಕೊಂಡು, ನೀರಿಲ್ಲದ ಟಬ್ಬಿನಲ್ಲಿ ಕಾಲು ಚಾಚಿ, ಚಾವಣಿ ನೋಡುತ್ತ ಮಲಗುವುದು. ಆದರೆ ಅತ್ತೆ ಜಾರಿ ಬಿದ್ದರೆ, ಇಲ್ಲವೇ ಮುನಿಸಿಕೊಂಡು ದೊಡ್ಡ ಮಗಳ ಮನೆಗೇ ವಾಪಸು ಹೋದರೆ, ಮುಂದಿನ ಇಪ್ಪತ್ತು ವರ್ಷ ಮನೆಯಲ್ಲಿ ಅದೊಂದೇ ಮಾತು. ಅರ್ಧ ಗಂಟೆಯ ಶಾಂತಿ ಬಿಟ್ಟುಕೊಟ್ಟು ಇಪ್ಪತ್ತು ವರ್ಷದ ಶಾಂತಿ ಉಳಿಸಿಕೊಳ್ಳೋಣವೆಂದು ಶುಕ್ರವಾರ ರಜೆ ಹಾಕಿದ.

ಪ್ಲಂಬರ್ ಎಂಟಕ್ಕೆ ಬಂದ. ಟಬ್ಬನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದ. “ಎರಕದ ಕಬ್ಬಿಣ ಸಾರ್. ಇಲ್ಲೇ ಸುತ್ತಿಗೇಲಿ ಒಡೆದು ಚೂರು ಚೂರಾಗಿ ಇಳಿಸ್ಬಿಡ್ತೀನಿ.”

ಸುತ್ತಿಗೆ ಮೇಲೆದ್ದಿತ್ತು. ಅಷ್ಟರಲ್ಲಿ ನೆಲಮಹಡಿಯ ಟೈಲರಮ್ಮ ಬಾಗಿಲಲ್ಲಿ ನಿಂತಿದ್ದಳು. ಆ ಕಟ್ಟಡದಲ್ಲಿ ಸುದ್ದಿಗೆ ಮೆಟ್ಟಿಲು ಬೇಕಾಗಿರಲಿಲ್ಲ.

“ಅಯ್ಯೋ, ಒಡೀಬೇಡಿ! ನನಗೆ ಕೊಡಿ, ಗಿಡ ಹಾಕ್ತೀನಿ. ಒಳ್ಳೇ ವಸ್ತು ಒಡೆಯೋಕೆ ಹೇಗ್ರೀ ಮನಸ್ಸು ಬರುತ್ತೆ ನಿಮಗೆ?”

ಲೈಬ್ರರಿಯನ್‌ಗೂ ಮನಸ್ಸು ಬಂದಿರಲಿಲ್ಲ. “ಇಡಿಯಾಗೇ ಇಳಿಸಿ,” ಎಂದ. ಪ್ಲಂಬರ್ ಅವನನ್ನು ಒಂದು ಕ್ಷಣ ಸುಮ್ಮನೆ ನೋಡಿದ. ತಿಳಿದವರು ತಿಳಿಯದವರನ್ನು ನೋಡುವ ನೋಟ ಅದು.

ಮೂರನೇ ಮಹಡಿಯಿಂದ ನಾಲ್ಕು ಜನ ಕೂಲಿಗಳು ಟಬ್ಬನ್ನು ಹೊತ್ತು ಇಳಿಯತೊಡಗಿದರು. ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ಮೆಟ್ಟಿಲು ತಿರುಗುವಲ್ಲಿ ಟಬ್ಬು ‘ಗಕ್’ ಎಂದಿತು. ಅದರ ತಲೆ ಗೋಡೆಗೆ, ಬುಡ ಮೆಟ್ಟಿಲ ಪಕ್ಕದ ಕಂಬಿಗೆ. ಎಳೆದರೆ ಬರಲಿಲ್ಲ, ತಳ್ಳಿದರೆ ಹೋಗಲಿಲ್ಲ. ಮದುವೆ ಮಾತುಕತೆಯಲ್ಲಿ ಎರಡೂ ಕಡೆಯ ಹಿರಿಯರು ಕೂತ ಹಾಗೆ ಕೂತುಬಿಟ್ಟಿತು.

ಟೈಲರಮ್ಮ ಕತ್ತಿನಲ್ಲಿದ್ದ ಟೇಪು ತೆಗೆದು ಅಳೆದಳು. “ನಾಲ್ಕು ಬೆರಳು ಬಿಗಿ. ಒಂದು ಕಡೆ ಬಿಚ್ಚಿದ್ರೆ ಸರಿಹೋಗುತ್ತೆ.”

“ಹಾಗಾದ್ರೆ ಮೇಲೆ ಹೇಗೆ ಹತ್ತಿಸಿದ್ರು?” ಎಂದು ಲೈಬ್ರರಿಯನ್ ಕೇಳಿದ.

“ಕಂಬಿ ಹಾಕೋಕೆ ಮುಂಚೆ ಸಾರ್. ಕಂಬಿ ಕೊಯ್ದ್ರೆ ಐದು ನಿಮಿಷದ ಕೆಲಸ,” ಎಂದ ಪ್ಲಂಬರ್.

“ಯಾರ್ರೀ ಅದು ಕಂಬಿ ಕೊಯ್ಯೋರು?” ಮೇಲಿನಿಂದ ಕಟ್ಟಡದ ಕಾರ್ಯದರ್ಶಿ ಇಳಿದು ಬಂದರು. ಕಂಬಿಗೆ ಹೋದ ತಿಂಗಳಷ್ಟೇ ಅವರ ಮೇಲ್ವಿಚಾರಣೆಯಲ್ಲಿ ಬಣ್ಣ ಬಳಿಸಲಾಗಿತ್ತು. “ಕಂಬಿಗೆ ಒಂದು ಗೀರು ಬೀಳಕೂಡದು. ಗೋಡೆಗೂ ಅಷ್ಟೇ. ಸಂಜೆ ಆರರೊಳಗೆ ಇದು ಇಲ್ಲಿರಬಾರದು. ಇದ್ರೆ ಸಭೆ ಕರೀತೀನಿ.”

ಆ ಕಟ್ಟಡದಲ್ಲಿ ಸಭೆಯೆಂದರೆ ಮೂವತ್ತು ಜನ ಒಟ್ಟಿಗೆ ಮಾತಾಡುವುದು. ಲೈಬ್ರರಿಯನ್ ಬೆವತ.

“ಇಲ್ಲೇ ಒಡೆದುಬಿಡಪ್ಪಾ.”

“ಈಗ ಒಡೆದ್ರೆ ಚೂರು ಹಾರಿ ಕಂಬಿ ಬಣ್ಣ ಹೋಗುತ್ತೆ. ಬೆಳಿಗ್ಗೆ ನಾನು ಹೇಳ್ದಾಗ ನೀವು ಕೇಳ್ಬೇಕಿತ್ತು,” ಎಂದ ಪ್ಲಂಬರ್. ಆಮೇಲೆ ಮೇಲೆ ಹೋಗಿ ಷವರ್ ಕೂರಿಸತೊಡಗಿದ. ತನಗೆ ಒಪ್ಪಿಸಿದ ಕೆಲಸ ಅದು, ಮೆಟ್ಟಿಲಲ್ಲ.

ಲಿಫ್ಟ್ ಇಲ್ಲದ ಕಟ್ಟಡ. ಮೇಲಿನವರೆಲ್ಲ ಟಬ್ಬಿನೊಳಕ್ಕೆ ಇಳಿದು, ಆಚೆ ಬದಿಯಲ್ಲಿ ಹತ್ತಿ ಓಡಾಡತೊಡಗಿದರು. ಕೆಲವರು ಅಭ್ಯಾಸಬಲದಿಂದ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡರು. ಎಲ್ಲರೂ ಹೋಗುವಾಗ ಒಂದು, ಬರುವಾಗ ಒಂದು ಸಲಹೆ ಕೊಟ್ಟರು. “ಸೋಪು ಹಚ್ಚಿ ಎಳೀರಿ.” “ಬಿಸಿನೀರು ಹಾಕಿ, ಹಿಗ್ಗುತ್ತೆ.” “ತಣ್ಣೀರು ಹಾಕಿ, ಕುಗ್ಗುತ್ತೆ.” ಲೈಬ್ರರಿಯನ್ ಮೂರನ್ನೂ ಮಾಡಿದ. ಟಬ್ಬು ಹೊಳೆಯಿತು. ಅಲುಗಲಿಲ್ಲ.

ಐದೂವರೆಗೆ ಷವರ್ ತಯಾರಾಯಿತು. ಜಾರದ ನೆಲ, ಗೋಡೆಗೆ ಹಿಡಿಕೆ. ಅತ್ತೆ ಬಗ್ಗಬಾರದೆಂದು ಕೆಳಗಿನ ನಲ್ಲಿಯನ್ನೂ ಮಗಳು ತೆಗೆಸಿದ್ದಳು. “ಅಮ್ಮ ಇನ್ನು ಅಕ್ಕನ ಮನೆ ಕಡೆ ತಲೆ ಹಾಕಿ ಮಲಗಲ್ಲ ನೋಡಿ,” ಎಂದು ಹಿಗ್ಗಿದವಳು ಥಟ್ಟನೆ ಬಾಯಿ ಮುಚ್ಚಿಕೊಂಡಳು. ಸ್ನಾನ ಮಾಡಲು ದಾಟಬಾರದೆಂದು ತೆಗೆಸಿದ ಟಬ್ಬನ್ನು ಅಮ್ಮ ಈಗ ಮನೆಗೆ ಬರಲೇ ದಾಟಬೇಕಿತ್ತು.

ಆರಕ್ಕೆ ಸರಿಯಾಗಿ ಅತ್ತೆ ಬಂದರು. ಟಬ್ಬಿನ ಮುಂದೆ ನಿಂತು ಉಸಿರು ಬಿಟ್ಟರು. ಆಚೆ ಬದಿಯಲ್ಲಿ ಮಗಳು, ಅಳಿಯ, ಗಡಿಯಾರ ನೋಡುತ್ತ ಕಾರ್ಯದರ್ಶಿ. ಈಚೆ ಬದಿಯಲ್ಲಿ ಗಿಡದ ಆಸೆ ಬಿಡದ ಟೈಲರಮ್ಮ.

“ಅತ್ತೆ, ಅಲ್ಲೇ ಇರಿ. ನಾನು ಎತ್ಕೊಂಡು—”

“ನೀವೇನು ಎತ್ಕೊಳ್ತೀರಿ ಅಳಿಯಂದ್ರೇ, ನಿಮ್ಮನ್ನೇ ಯಾರಾದ್ರೂ ಎತ್ಕೋಬೇಕು.” ಅತ್ತೆ ಬೆನ್ನು ತಿರುಗಿಸಿ ಟಬ್ಬಿನ ಅಂಚಿನ ಮೇಲೆ ಕೂತರು. ಕಾರಿನೊಳಗೆ ಕೂರುವವರಂತೆ ಒಂದೊಂದೇ ಕಾಲನ್ನು ಒಳಕ್ಕೆ ತಿರುಗಿಸಿಕೊಂಡರು. ಇಷ್ಟೇ. ಯಾರೂ ಬೀಳಲಿಲ್ಲ.

ಆದರೆ ಅತ್ತೆ ಏಳಲೂ ಇಲ್ಲ.

“ಇದನ್ನ ಇಲ್ಲಿ ಯಾಕೆ ತಂದಿಟ್ರಿ?”

“ನಿಮಗೋಸ್ಕರ ತೆಗೆಸಿದೆವು ಅತ್ತೆ. ಷವರ್ ಹಾಕಿಸಿದೀವಿ. ಸುಮ್ನೆ ಹೋಗಿ ನಿಂತ್ಕೊಂಡ್ರೆ ಆಯ್ತು.”

ಅತ್ತೆ ಬಹಳ ಹೊತ್ತು ಏನೂ ಹೇಳಲಿಲ್ಲ. ಮೌನಕ್ಕಾಗಿ ಬದುಕಿದ ಲೈಬ್ರರಿಯನ್‌ಗೆ ಮೊದಲ ಸಲ ಮೌನದ ಭಯವಾಯಿತು.

“ನಿಂತ್ಕೊಳ್ಳೋದೇ ಆಗಲ್ವಲ್ಲಪ್ಪಾ ನನಗೆ,” ಎಂದರು ಕೊನೆಗೆ. “ದೊಡ್ಡವಳ ಮನೇಲೂ ನಿಂತು ಮಾಡೋ ಷವರೇ. ಡಾಕ್ಟರು ದಿನಾ ಎರಡು ಹೊತ್ತು ಮಂಡಿವರೆಗೆ ಕಾಲನ್ನ ಬಿಸಿನೀರಲ್ಲಿ ಇಟ್ಕೊಂಡು ಕೂತಿರಿ ಅಂದಿದಾರೆ. ನಿಮ್ಮನೇಲಿ ಟಬ್ ಇದೆಯಲ್ಲ ಅಂತಾನೇ ಅವಳ ಮನೆ ಬಿಟ್ಟು ಬಂದೆ.” ಟಬ್ಬಿನ ಅಂಚನ್ನು ಸವರಿದರು. “ಇರಲಿ, ಇಲ್ಲೇ ಗಾಳಿ ಬೆಳಕು ಚೆನ್ನಾಗಿದೆ. ಆ ತೂತಿಗೊಂದು ಬಟ್ಟೆ ತುರುಕಿ, ಬಿಸಿನೀರು ತನ್ನಿ.”

ಹತ್ತು ಬಕೆಟ್ ಹಿಡಿಯಿತು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. “ಅಮ್ಮಾ, ಎಲ್ಲರೂ ಓಡಾಡೋ ಮೆಟ್ಟಿಲ ಮೇಲೆ ಹೀಗೆಲ್ಲ...” ಎಂದು ಶುರುಮಾಡಿ, “ಅಂದ ಹಾಗೆ, ಮಂಡಿ ನೋವಿಗೆ ಇದರಿಂದ ನಿಜವಾಗ್ಲೂ ಗುಣ ಇದೆಯಾ?” ಎಂದು ಮುಗಿಸಿದರು.

“ಕಾಲಿಟ್ಟು ನೋಡಿ. ದುಡ್ಡೇನು ಕೊಡ್ಬೇಕಾ?”

ಕಾರ್ಯದರ್ಶಿ ಪ್ಯಾಂಟು ಮಡಚಿದರು. ದಿನವಿಡೀ ಹೊಲಿಗೆ ಯಂತ್ರ ತುಳಿಯುವ ಟೈಲರಮ್ಮ ಎದುರು ಅಂಚಿನಲ್ಲಿ ಕೂತು, ಗಿಡದ ವಿಷಯ ಮರೆತಳು.

ಏಳು ಗಂಟೆಗೆ ಗೋಡೆಯ ಮೇಲೆ ನೋಟೀಸು ಬಂತು. ‘ಈ ಟಬ್ಬನ್ನು ಯಾರೂ ಅಲುಗಿಸಕೂಡದು. ಬಿಸಿನೀರು: ಬೆಳಿಗ್ಗೆ ಆರು, ಸಂಜೆ ಆರು. ಜವಾಬ್ದಾರಿ: ಮೂರನೇ ಮಹಡಿ. ಕಾರ್ಯದರ್ಶಿ.’

ಲೈಬ್ರರಿಯನ್ ಅದನ್ನು ಓದಿರಲಿಲ್ಲ. ಅವನು ಸ್ನಾನದ ಮನೆಯಲ್ಲಿ ಹೊಸ ಷವರಿನ ಕೆಳಗೆ ಬಕೆಟ್ ಇಟ್ಟುಕೊಂಡು ನಿಂತಿದ್ದ. ನಲ್ಲಿಯಿಲ್ಲದ್ದರಿಂದ ನೀರು ಅರ್ಧ ಬಕೆಟ್ಟಿಗೆ, ಅರ್ಧ ಅವನ ತಲೆಗೆ ಬೀಳುತ್ತಿತ್ತು. ಬಾಗಿಲು ಮುಚ್ಚಿತ್ತು. ಕಣ್ಣು ಮುಚ್ಚಿಕೊಂಡ.

ಎರಡೂವರೆಯನೇ ಮಹಡಿಯಿಂದ ಮೂರು ದನಿಗಳು ಒಟ್ಟಿಗೆ ಕೂಗಿದವು:

“ಲೈಬ್ರರಿಯವ್ರೇ, ನೀರು ಆರ್ತಾ ಇದೆ!”