ಡಬ್ಬಿ ಹೊಡೆಯಲು ಒಂದು ಬಂದೂಕು

ನಮ್ಮ ಮಾವನ ಜೊತೆ ಒಂದು ದಿನ ಪೂರ್ತಿ ಕಳೆದು, ಸಿಟ್ಟು ಮಾಡಿಕೊಳ್ಳದೆ ಮನೆಗೆ ಮರಳಿದವರು ಹುಮನಾಬಾದ್, ಕಲ್ಯಾಣಿ ಎರಡೂ ತಾಲೂಕಿನಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ, ನಾನೇ ಹಾರ ಹಾಕಿ ಸನ್ಮಾನ ಮಾಡುತ್ತೇನೆ! ಮಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನನ್ನು ಹಾಗೆಯೇ ಕರೆಯುವುದು. ಉದ್ಯೋಗ ಎತ್ತಿನ ದಲಾಲಿ. ಬಸವಕಲ್ಯಾಣ ಇನ್ನೂ ಬರೀ ಕಲ್ಯಾಣಿಯಾಗಿದ್ದ ಆ ಕಾಲದಲ್ಲಿ ಊರ ಹೊರಗೆ, ಹೊಲದ ನಡುವೆ ಅವನ ಮನೆ ಇತ್ತು. ನಾನು ಹುಮನಾಬಾದಿನಲ್ಲಿ ಶಾಲೆಯ ಮಾಸ್ತರ.

ನಲವತ್ತೊಂಬತ್ತನೆಯ ಇಸವಿ. ನಿಜಾಮನ ಆಳ್ವಿಕೆ ಮುಗಿದು ಹೊಸ ಸರಕಾರ ಬಂದಿತ್ತು. ಮನೆಯಲ್ಲಿರುವ ಹತಾರುಗಳನ್ನೆಲ್ಲ ಠಾಣೆಗೆ ತಂದು ಒಪ್ಪಿಸಿ ಎಂದು ಊರೂರಲ್ಲಿ ಡಂಗುರ ಹೊಡೆಸಿದ್ದರು. ಜನ ಹೆದರಿ, ಅಜ್ಜನ ಕಾಲದ ತುಕ್ಕು ಹಿಡಿದ ಕತ್ತಿಯನ್ನೂ ಬಿಡದೆ ತಂದು ಹಾಕುತ್ತಿದ್ದರು. ಇಡೀ ಸೀಮೆ ಬಂದೂಕು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದಾಗ ಒಬ್ಬನೇ ಒಬ್ಬ ಬಂದೂಕು ಕೊಳ್ಳಲು ಹೊರಟ. ಆ ಒಬ್ಬ ನಮ್ಮ ಮನೆಯ ಅಳಿಯನೇ ಆಗಬೇಕೆ?

"ಮಾಸ್ತರ, ಒಂದ್ ಸಣ್ಣ ಬಂದೂಕ ತಗೋಬೇಕಂತ ಮಾಡೇನಿ," ಎಂದ ಒಂದು ದಿನ, ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು.

"ಯಾಕ್ರಿ? ಯಾರನ್ನ ಹೊಡೆಯಾಕ?"

"ಯಾರನ್ನೂ ಇಲ್ಲ. ತಗಡಿನ ಡಬ್ಬಿ ಇಟ್ಟು ಹೊಡೆಯಾಕ. ಶೋಕಿ."

"ನಿಮ್ಮ ತಲಿ ಸರಿ ಅದ ಏನ್ರಿ ಮಾವ?"

"ತಲಿ ಸರಿ ಅದ. ಗುರಿ ಒಂದ್ ಸರಿ ಇಲ್ಲ. ಅದಕ್ಕ ಬಂದೂಕ ಬೇಕು."

ನನಗೆ ಮೈಯೆಲ್ಲ ಉರಿಯಿತು. ಶೋಕಿಯಂತೆ, ಶೋಕಿ! ಶೋಕಿ ಬೇಕಿದ್ದರೆ ಪಾರಿವಾಳ ಸಾಕಲಿ, ಗಾಳಿಪಟ ಹಾರಿಸಲಿ, ತಬಲಾ ಬಾರಿಸಲಿ. ಅಲ್ಲ, ತಬಲಾ ಕೂಡ ಬೇಡ, ಏಕೆಂದರೆ ಅಕ್ಕನಿಗೆ ಸದ್ದು ಆಗುತ್ತಿರಲಿಲ್ಲ. ಹಿಂದಿನ ವರ್ಷ, ನಿಜಾಮನ ಆಳ್ವಿಕೆ ಮುಗಿಯುವ ಹೊತ್ತಿನ ಗಲಾಟೆಯಲ್ಲಿ, ಮೂರು ದಿನ ಆ ಹೊಲದ ಮನೆಯ ಸುತ್ತ ಗುಂಡು ಹಾರಿದ್ದವು. ಅಕ್ಕನನ್ನು ನೋಡಿಬರಲು ಹೋಗಿದ್ದ ನಾನೂ ಸಿಕ್ಕಿಹಾಕಿಕೊಂಡೆ. ಇಬ್ಬರೂ ಜೋಳದ ಚೀಲಗಳ ಹಿಂದೆ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಮಾವನೋ, ಸೊಲ್ಲಾಪುರದ ಆಚೆ ಎಲ್ಲೋ ಎತ್ತಿನ ಸಂತೆಗೆ ಹೋಗಿದ್ದ. ದಾರಿ ಬಂದಾಗಿ, ಎಲ್ಲ ಮುಗಿದ ಮೇಲೆ ನಾಲ್ಕನೆಯ ದಿನ ಬಂದ. ಒಂದೇ ಒಂದು ಗುಂಡಿನ ಸದ್ದು ಕೇಳದ ಮಹಾಶಯ!

ಅಂದಿನಿಂದ ಒಂದು ತಾಟು ಬಿದ್ದರೂ ಅಕ್ಕ ನಿಂತಲ್ಲೇ ಕುಸಿದು ಕೂರುತ್ತಿದ್ದಳು. ಹಗಲಲ್ಲೂ ಹೊಸ್ತಿಲು ದಾಟುತ್ತಿರಲಿಲ್ಲ. ಸಾಸಿವೆ ಸಿಡಿಯುವುದಕ್ಕೂ ಬೆಚ್ಚುತ್ತಿದ್ದಳೆಂದು ಆ ಮನೆಯಲ್ಲಿ ವರ್ಷದಿಂದ ಒಗ್ಗರಣೆ ಇಲ್ಲದ ಸಾರು. ಅದೇ ಚೀಲಗಳ ಹಿಂದೆ ನಾನೂ ಇದ್ದೆ, ಆದರೆ ಗಂಡಸು ನೋಡಿ, ನನಗೇನೂ ಆಗಲಿಲ್ಲ. ಸಿಟ್ಟು ಮಾತ್ರ ಸ್ವಲ್ಪ ಹೆಚ್ಚಾಗಿತ್ತು, ಅಷ್ಟೆ. ಇಂಥ ಹೆಂಡತಿಯಿರುವ ಮನೆಗೆ ಬಂದೂಕು ತರುತ್ತೇನೆ ಎನ್ನುವ ಗಂಡನಿಗೆ ಏನು ಹೇಳುತ್ತೀರಿ? ನಾನಂತೂ ಹೇಳಬಾರದ್ದನ್ನೆಲ್ಲ ಹೇಳಿದೆ. ಅವನು ಎಲೆ ಅಡಿಕೆ ಹಾಕಿಕೊಂಡು ಎಲ್ಲ ಕೇಳಿಸಿಕೊಂಡ.

ಲೈಸನ್ಸಿನ ಅರ್ಜಿಗೆ ಒಬ್ಬ ಸರಕಾರಿ ನೌಕರನ ಸಹಿ ಬೇಕಿತ್ತು. ಇಂಥ ಹೊತ್ತಿನಲ್ಲಿ ಹೇಗೂ ಕೊಡುವುದಿಲ್ಲ ಎಂಬ ಧೈರ್ಯದ ಮೇಲೆ ಹಾಕಿಕೊಟ್ಟೆ. ಅದು ನಾನು ಮಾಡಿದ ಮೊದಲ ತಪ್ಪು. ತಹಸೀಲು ಕಚೇರಿಗೆ ಅವನ ಜೊತೆ ಹೋದದ್ದು ಎರಡನೆಯದು. ಗುಮಾಸ್ತ ಲೇಖನಿ ಅದ್ದಿಕೊಂಡು ಕೇಳಿದ: "ಕಾರಣ ಏನಂತ ಬರೀಲಿ? ಬೆಳಿ ರಕ್ಷಣಾನೋ, ಜೀವ ರಕ್ಷಣಾನೋ? ಎರಡರಾಗ ಒಂದ್ ಹೇಳ್ರಿ."

"ಡಬ್ಬಿ," ಎಂದ ಮಾವ.

"ಡಬ್ಬಿ ರಕ್ಷಣಾನ?"

"ಅಲ್ರಿ. ಡಬ್ಬಿ ಹೊಡೆಯಾಕ."

ಗುಮಾಸ್ತ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಮುಂಬಯಿ ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರು ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡು ಹೊರಗೆ ಬಂದರು. ಈಗ ಒದ್ದು ಓಡಿಸುತ್ತಾರೆ ಎಂದು ನನಗೆ ಒಳಗೊಳಗೇ ಸಂತೋಷ. ಅವರು ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮುಂಬಯಿ ಕಡೆ ಬಂದೂಕು ಕೇಳಲು ಬರುತ್ತಿದ್ದವರೆಲ್ಲ ಯಾರನ್ನೋ ಏನನ್ನೋ ಕೊಲ್ಲಬೇಕು ಎನ್ನುತ್ತಿದ್ದರು, ಏನನ್ನೂ ಕೊಲ್ಲುವುದಿಲ್ಲ ಎಂದವನು ಇವನೊಬ್ಬನೇ, ಇವನಿಗೊಂದು ಸಣ್ಣದು ಕೊಡಬಹುದು ಎಂದುಬಿಟ್ಟರು! ಸರಕಾರವೇ ಹೀಗಾದರೆ ಪ್ರಜೆಗಳ ಗತಿಯೇನು?

ಇನ್ನು ಹೈದರಾಬಾದಿನ ಬಂದೂಕಿನ ಅಂಗಡಿಯ ಕತೆ. ಗಡ್ಡ ಬೆಳ್ಳಗಾದ ಅಂಗಡಿಯ ಸಾಹೇಬ ಮೊದಲು ಒಂದು ಜೋಡುನಳಿಗೆಯ ಬಂದೂಕು ತೆಗೆದಿಟ್ಟ. ಮಾವ ಅದರ ಸುತ್ತ ಒಂದು ಸುತ್ತು ಬಂದ. ನಳಿಗೆಯ ಬಾಯಿ ಬೆಳಕಿಗೆ ಹಿಡಿದು ಎತ್ತಿನ ಹಲ್ಲು ನೋಡುವವನ ಹಾಗೆ ನೋಡಿದ. ಹಿಡಿಯ ಬೆನ್ನು ಚಪ್ಪರಿಸಿದ. ಕಟ್ಟಿಗೆಯ ಗೆರೆಗಳ ಮೇಲೆ ಬೆರಳಾಡಿಸಿ, "ಸುಳಿ ಛಲೋ ಇಲ್ಲ," ಎಂದ. ಆಮೇಲೆ ಕೇಳಿದ: "ಒದೀತದೇನ್ರಿ?"

"ಹೌದ್ರಿ, ಭುಜಕ್ಕ ಜೋರ ಒದೀತದ."

"ಒದರ್ತದೇನು?"

"ಅರೆ ಭಾಯಿ, ಬಂದೂಕ ಅಂದಮ್ಯಾಲ ಆವಾಜ ಇರಂಗಿಲ್ಲೇನು?"

"ಹಂಗಾರ ಬ್ಯಾಡ."

ಸಾಹೇಬ ಸಣ್ಣ ಸೀಸದ ಛರ್ರೆ ಹಾರಿಸುವ ಗಾಳಿಬಂದೂಕು ತಂದ. ಹಿತ್ತಲಲ್ಲಿ ಹೊಡೆದು ತೋರಿಸಿದ: ಪುಸ್! ಕಡಿಮೆ ಬೆಲೆ, ತೋಟಾದ ಖರ್ಚಿಲ್ಲ. ತಗೊಳ್ಳಿ, ಮುಗಿಸೋಣ ಎಂದೆ. ಮಾವನಿಗೆ ಹಿಡಿಸಲಿಲ್ಲ. "ಇದು ಸೀನಿದಾಂಗ ಆತು. ಬಂದೂಕ ಅನ್ನಿಸ್ಬೇಕು, ಆದ್ರ ಒದರಬಾರ್ದು." ಕೊನೆಗೆ ಮೂಲೆಯಿಂದ ಒಂದು ಹಳೆಯ ಪಾಯಿಂಟ್ ಟೂ-ಟೂ ರೈಫಲು ಬಂತು. ಸಪೂರ ನಳಿಗೆ, ಒಂದು ಸಲಕ್ಕೆ ಒಂದೇ ತೋಟಾ, ಬಿರುಕು ಬಿಟ್ಟ ಹಿಡಿಗೆ ಹಿತ್ತಾಳೆ ತಂತಿಯ ಸುತ್ತು. ಸದ್ದು: ಟಪ್. ಮಾವ ಕಣ್ಣು ಮುಚ್ಚಿ, ತಲೆ ಬಾಗಿಸಿ ಕೇಳಿಸಿಕೊಂಡ. ಇನ್ನೊಮ್ಮೆ ಹೊಡೆಯಲು ಹೇಳಿದ. ಹಿತ್ತಲಿನ ಆ ತುದಿಯಿಂದ ಹೊಡೆಸಿದ, ಈ ತುದಿಯಿಂದ ಹೊಡೆಸಿದ. ಗುಂಡು ಎಲ್ಲಿ ಬಿತ್ತು ಎಂದು ಒಮ್ಮೆಯಾದರೂ ನೋಡಿದನೆ? ಇಲ್ಲ!

"ಗುರಿ ನೋಡ್ರಿ ಮಾವ, ಗುರಿ!" ಎಂದು ಕಿರುಚಿದೆ.

"ಗುರಿ ನಂದು, ಅದರದಲ್ಲ," ಎಂದ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮುಖ ಕೆಂಪಾಗುತ್ತದೆ. ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನ ಕೈ ಮೇಲೆ ಟವಲು ಹಾಕಿ, ಅದರ ಅಡಿಯಲ್ಲಿ ಬೆರಳು ಒತ್ತಿ ವ್ಯಾಪಾರ ಕುದುರಿಸುತ್ತಾರೆ. ಸುತ್ತಲಿನವರಿಗೆ ಬೆಲೆ ಗೊತ್ತಾಗಬಾರದು, ಅದಕ್ಕೆ. ಮಾವ ಹೆಗಲ ಟವಲು ತೆಗೆದು ಸಾಹೇಬನ ಕೈ ಮೇಲೆ ಹಾಕಿ, ಒಳಗೆ ಕೈ ತೂರಿಸಿ ಬೆರಳು ಹಿಡಿದೇಬಿಟ್ಟ! "ಯಾ ಅಲ್ಲಾ!" ಎಂದು ಸಾಹೇಬ ಕೈ ಕಿತ್ತುಕೊಂಡ. ನಾನು ನಾಚಿಕೆಯಿಂದ ಸಾಯುತ್ತ ವಿವರಿಸಿದೆ. ಮುದುಕನ ಮುಖ ಅರಳಿತು. ಅವನ ಅಪ್ಪ ಕುದುರೆ ವ್ಯಾಪಾರಿಯಂತೆ. ತಾನಾಗಿಯೇ ಕೈಯನ್ನು ಟವಲಿನ ಅಡಿಗೆ ಚಾಚಿದ. ಇಬ್ಬರೂ ಕಾಲು ಗಂಟೆ ಕೈ ಹಿಡಿದುಕೊಂಡು, ಮದುವೆ ಮಾತುಕತೆಗೆ ಬಂದ ಹಿರಿಯರ ಗಾಂಭೀರ್ಯದಿಂದ ನಿಂತಿದ್ದರು. ಬಂದೂಕಿಗೆ ಎಷ್ಟಾಯಿತು ಎಂದು ಕೇಳಿದರೆ ಮಾವ ಹೇಳಲಿಲ್ಲ. ಸಹಿ ಹಾಕಿದವನು ನಾನು, ನನಗೇ ಹೇಳಲಿಲ್ಲ!

ಕೌದಿಯಲ್ಲಿ ಸುತ್ತಿದ ಬಂದೂಕು ಬಸ್ಸಿನಲ್ಲಿ ಹುಮನಾಬಾದಿನವರೆಗೂ ನನ್ನ ತೊಡೆಯ ಮೇಲೆ ಬಂತು. ಇಳಿಯುವಾಗ ಹೇಳಿದೆ: "ಮಾವ, ಇದು ಹೊಸ್ತಿಲು ದಾಟ್ತು ಅಂದ್ರ ಅಕ್ಕನ್ನ ನಾ ಕರಕೊಂಡ ಬರ್ತೀನಿ. ತಿರುಗಿ ಕಳಸಂಗಿಲ್ಲ."

"ದಾಟಂಗಿಲ್ಲ. ಹೊಲದ ಬದಿಗಿರೋ ಕೊಟ್ಟಿಗ್ಯಾಗ ಇಡ್ತೀನಿ," ಎಂದ.

ಅವನ ಜೊತೆ ಮಾತು ಬಿಟ್ಟೆ. ಎರಡು ತಿಂಗಳಾದ ಮೇಲೆ ಕಲ್ಯಾಣಿಯಿಂದ ಬಂದವರೊಬ್ಬರು, "ನಿಮ್ಮ ಮಾವ ದಿನಾ ಮಧ್ಯಾಹ್ನ ಬಂದೂಕ ಹಿಡಕೊಂಡು ಹೊಲದಾಗ ಕುಂದರ್ತಾನ. ಒಮ್ಮೊಮ್ಮೆ ಹೊಡೀತಾನ, ಒಮ್ಮೊಮ್ಮೆ ಸುಮ್ಮನ ಕುಂತು ಎದ್ದು ಹೋಗ್ತಾನ," ಎಂದು ನಕ್ಕರು. ಮರುದಿನವೇ ಶಾಲೆಗೆ ರಜೆ ಹಾಕಿ ಬಸ್ಸು ಹತ್ತಿದೆ. ಆಡಬೇಕಾದ ಬೈಗುಳಗಳನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಮಾಸ್ತರನಲ್ಲವೆ, ಒಂದಾದ ಮೇಲೊಂದು ಸರಿಯಾಗಿ ಜೋಡಿಸಿಕೊಂಡಿದ್ದೆ.

ಹೋಗಿ ನೋಡುತ್ತೇನೆ, ಅಕ್ಕ ಅಂಗಳದಲ್ಲಿ ಕುಳಿತಿದ್ದಾಳೆ. ಹೊಸ್ತಿಲಿನ ಹೊರಗೆ! ಬೇವಿನ ಗಿಡದ ಕೆಳಗೆ ಹೊರಸು ಹಾಕಿಕೊಂಡು ಹೊಲದ ಆಚೆ ತುದಿ ನೋಡುತ್ತಿದ್ದಾಳೆ. ಅಲ್ಲಿ, ಮೋಟುಗೋಡೆಯ ಮೇಲಿನ ಡಬ್ಬಿಗೆ ಎದುರಾಗಿ ಮಾವ ನಿಂತಿದ್ದ.

"ನಡಿ ಅಕ್ಕಾ, ಗಂಟು ಕಟ್ಟು," ಎಂದೆ.

"ಸ್ವಲ್ಪ ಕುಂದರೋ. ನಾ ಇನ್ನಾ ಕೈ ಎತ್ತಿಲ್ಲ."

"ಏನ್ ಕೈ?"

"ನಾ ಕೈ ಎತ್ತಿದ್ರ ಅವರು ಒಂದ್ ಸರ್ತಿ ಹೊಡೀತಾರ. ಎತ್ತಲಿಲ್ಲಂದ್ರ ಇಲ್ಲ." ಅಕ್ಕ ಹೊಲದಿಂದ ಕಣ್ಣು ಕೀಳಲಿಲ್ಲ. "ಮೊದಲ ಇಪ್ಪತ್ತು ದಿನ ನಾ ಬಾಗಲದಾಗ ನಿಂತು ಬರೀ ನೋಡೀನಿ, ಕೈ ಎತ್ತಿಲ್ಲ. ದಿನಾ ಹೋಗಿ ಬಿಸಲಾಗ ಕುಂತು, ಹೊತ್ತು ಇಳಿದಮ್ಯಾಲ ಬರ್ತಿದ್ರು. ಯಾಕ ಎತ್ತಲಿಲ್ಲ ಅಂತ ಒಂದ್ ಮಾತ ಕೇಳಿಲ್ಲ. ಆ ಮೂರು ದಿನ ನಮ್ಮನ್ನ ಯಾರ್ ಕೇಳಿ ಹೊಡೆದ್ರು, ಹೇಳು? ಇವರು ನನ್ನ ಕೇಳಿ ಹೊಡೀತಾರ."

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಎರಡು ತಿಂಗಳು ಈ ಮನುಷ್ಯನನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ನನಗೆ ತಡೆಯಲಾರದಷ್ಟು ನಾಚಿಕೆಯಾಯಿತು. ಅಕ್ಕನ ಪಕ್ಕದಲ್ಲಿ ಹೊರಸಿನ ಮೇಲೆ ಕುಳಿತೆ.

ಅಕ್ಕ ಅಂಗೈ ಬೆವರನ್ನು ಸೆರಗಿಗೆ ಒರೆಸಿಕೊಂಡು ಕೈಯನ್ನು ಮೆಲ್ಲಗೆ ಎತ್ತತೊಡಗಿದಳು. ಅಲ್ಲಿ ಮಾವ ಬಂದೂಕನ್ನು ಭುಜಕ್ಕೇರಿಸಿದ. ಎತ್ತುತ್ತಿದ್ದ ಅಕ್ಕ ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದಳು. ನಾನು ಹೊರಸಿನ ಪಟ್ಟಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದೆ. ಅದು ನನಗೇ ಗೊತ್ತಿರಲಿಲ್ಲ.

"ನಿನಗ ನಡೀತದೇನೋ ತಮ್ಮಾ?" ಎಂದಳು.

ನಡೀತದ ಎನ್ನಲು ಬಾಯಿ ತೆರೆದೆ. ತಲೆ ತಾನಾಗಿಯೇ ಅಡ್ಡಡ್ಡ ಆಡಿತು.

ಅಕ್ಕ ಎತ್ತಿದ ಕೈಯನ್ನು ಇಳಿಸಿ ನನ್ನ ಕೈ ಮೇಲಿಟ್ಟಳು. ಹೊಲದ ಆಚೆ ಮಾವ ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿದ. ಆಮೇಲೆ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲಿನಲ್ಲಿ ಕುಳಿತುಕೊಂಡ.