ಮೂರು ಸಾವಿರ ಪಟ್ಟು ನಿಶ್ಶಬ್ದ

ಭಾನುವಾರ ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಭೀಮಾಶಂಕರ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಗೋಡೆ ಗಡಿಯಾರದ ಬೆನ್ನಿನಿಂದ ಸೆಲ್ ಕಿತ್ತ. ಟಿಕ್ ಎನ್ನಲು ಹೊರಟಿದ್ದ ಮುಳ್ಳು ಅರ್ಧದಲ್ಲೇ ನಿಂತಿತು. ಅವನು ಸ್ಟೂಲಿನ ಮೇಲಿಂದಲೇ ಕೈಯೆತ್ತಿ ಘೋಷಿಸಿದ:

“ಇವತ್ತ ಈ ಮನಿಯಾಗ ಮೈಕಿಗೆ ಅತ್ತಿಯವರ ದನಿ ಬಿಟ್ರ ಒಂದು ಸೊಳ್ಳಿ ಸದ್ದೂ ಕೇಳಬಾರದು!”

“ಮೊದಲ ಕೆಳಗ ಇಳೀರಿ. ಸ್ಟೂಲಿನ ಕಾಲು ಕಿರ್ ಅನ್ಲತ್ತದ,” ಎಂದಳು ಹೆಂಡತಿ ರೇವತಿ.

ಹೊರಮಾವಿನ ಆ ‘ಮನಿ’ ಅಂದರೆ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಬಾಡಿಗೆ ಕೋಣೆ. ಸೇಡಂ ಕಡೆಯಿಂದ ಬಂದ ಗಂಡ ಹೆಂಡತಿ ಒಂಬತ್ತು ವರ್ಷದಿಂದ ಅಲ್ಲೇ ಸಂಸಾರ ಹೂಡಿದ್ದರು. ಭೀಮಾಶಂಕರ ಭೌತಶಾಸ್ತ್ರದ ಬಿ.ಎಸ್ಸಿ. ತೂಕದ ಯಂತ್ರಗಳ ತಪ್ಪು ಹುಡುಕುವುದು ಅವನ ಕೆಲಸ. ಅವನು ಕಣ್ಣು ಕಿರಿದು ಮಾಡಿ ತಕ್ಕಡಿಯ ಮೇಲೆ ಬಗ್ಗಿದನೆಂದರೆ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಕೋಣೆ ಬಿಟ್ಟು ಹೊರಗೆ ಹೋಗುತ್ತಿದ್ದರು. ತನ್ನ ಏಕಾಗ್ರತೆಗೆ ಅವರು ಕೊಡುವ ಮರ್ಯಾದೆ ಅದೆಂದು ಅವನು ತಿಳಿದುಕೊಂಡಿದ್ದ.

ಈ ಭಾನುವಾರದ ಯುದ್ಧಕ್ಕೆ ಕಾರಣ ನಾಲ್ಕು ಹಲ್ಲು. ರೇವತಿಯ ತಾಯಿ ಅಮೃತಮ್ಮ ಊರಿನಿಂದ ಬಂದಿದ್ದರು. ಅವರ ಮೇಲಿನ ಸಾಲಿನ ನಾಲ್ಕು ಹಲ್ಲುಗಳು ಅಲ್ಲಾಡುತ್ತಿದ್ದವು. ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ಹತ್ತಿರದ ದಂತವೈದ್ಯರು ಸೋಮವಾರ ಹನ್ನೊಂದು ಗಂಟೆಗೆ ಕೀಳುವುದೆಂದು ಬರೆದುಕೊಟ್ಟಿದ್ದರು. ಕಟ್ಟಿಸಿದ ಹಲ್ಲು ಬರುವುದು ಮೂರು ತಿಂಗಳ ಮೇಲೆ. ಅಮೃತಮ್ಮನಿಗೆ ಬೀಸುವ ಕಲ್ಲಿನ ಮುಂದೆ ಹಾಡುವ ಪದಗಳು ಇಪ್ಪತ್ತೆರಡು ಬರುತ್ತಿದ್ದವು. ಜೋಳ ಬೀಸುವ ಆ ಸದ್ದಿನಲ್ಲಿ, ಅವ್ವನ ತೊಡೆಯ ಮೇಲೆ ತಲೆಯಿಟ್ಟು ರೇವತಿ ಬೆಳೆದಿದ್ದಳು.

“ಹಲ್ಲು ಹೋದ ಮ್ಯಾಲ ಅವ್ವ ಹಾಡಿದ್ರ ಬ್ಯಾರೆ ಯಾರೋ ಹಾಡಿದಂಗ ಇರ್ತದ್ರೀ,” ಎಂದು ಅವಳು ಒಂದು ದಿನ ರೊಟ್ಟಿ ಬಡಿಯುತ್ತ ಹೇಳಿದ್ದಳು. ಆಮೇಲೆ ರೊಟ್ಟಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ಬಡಿದಿದ್ದಳು. ಭೀಮಾಶಂಕರ ಆ ಕ್ಷಣವೇ ಮಾತು ಕೊಟ್ಟ: ಇಪ್ಪತ್ತೆರಡೂ ಪದ, ಇದೇ ದನಿಯಲ್ಲಿ, ಸೋಮವಾರದೊಳಗೆ ರೆಕಾರ್ಡ್!

“ಮೊಬೈಲ್‌ನಾಗ ಮಾಡಿಬಿಡ್ರಿ.”

“ಮೊಬೈಲ್‌ನಾಗ? ಅತ್ತಿಯವರ ದನಿ ಏನು ಮಿಸ್ಡ್ ಕಾಲ್ ಅಂತ ತಿಳಿದೀ ಏನು?”

ಅವನ ಬಳಿ ಒಂದು ರಿಬ್ಬನ್ ಮೈಕ್ ಇತ್ತು. ಶಿವಾಜಿನಗರದ ಹಳೇ ಸಾಮಾನಿನ ಗಲ್ಲಿಯಲ್ಲಿ ಹಾಶಿಮ್ ಎಂಬ ವ್ಯಾಪಾರಿಯಿಂದ ತಂದದ್ದು. ಅದರೊಳಗೆ ಈರುಳ್ಳಿ ಪೊರೆಗಿಂತ ತೆಳುವಾದ ಅಲ್ಯೂಮಿನಿಯಂ ಪಟ್ಟಿ. ದನಿಯನ್ನು ಅದು ಜೇನಿನಂತೆ ಹಿಡಿಯುತ್ತದೆ. ಆದರೆ ಹಿಡಿದದ್ದನ್ನು ಸಂಕೋಚದ ಮದುಮಗಳಂತೆ ಪಿಸುಗುಟ್ಟುತ್ತದೆ, ಅಷ್ಟೇ! ಆ ಪಿಸುಮಾತನ್ನು ಸಾವಿರಾರು ಪಟ್ಟು ಹಿಗ್ಗಿಸಲು ಪ್ರಿಆಂಪ್ ಎಂಬ ಪೆಟ್ಟಿಗೆ ಬೇಕು. ಪೆಟ್ಟಿಗೆಗೆ ಬಲವೂ ಇರಬೇಕು, ತನ್ನದೇ ಸದ್ದು ಸೇರಿಸದ ಸಂಯಮವೂ ಇರಬೇಕು. ಮನುಷ್ಯರಲ್ಲೇ ಇವೆರಡೂ ಒಟ್ಟಿಗೆ ಸಿಗುವುದು ಕಷ್ಟ.

ಮಂಗಳವಾರ ಹಾಶಿಮ್‌ನಿಂದ ಬಾಡಿಗೆಗೆ ಒಂದು ಪ್ರಿಆಂಪ್ ತಂದ. ಐವತ್ತು ಡೆಸಿಬಲ್ ಬಲ. ಅಮೃತಮ್ಮ ಎದುರಿಗೆ ಕೂತು ಹಾಡಿದರೂ ಸೇಡಂನಲ್ಲೇ ಕೂತು ಹಾಡಿದಂತೆ ಕೇಳಿತು. ಜೊತೆಗೆ ಹಿಂದೆ ಎಲ್ಲೋ ಸಣ್ಣಗೆ ‘ಸುಂಯ್… ಸುಂಯ್…’. ಗುರುವಾರ ಅರವತ್ತರದ್ದು ತಂದ. ಹಾಡು ಹತ್ತಿರ ಬಂತು, ‘ಸುಂಯ್’ ಕೂಡ ಹತ್ತಿರ ಬಂತು. ಶನಿವಾರ ರೇವತಿಯನ್ನೂ ಕರೆದುಕೊಂಡು ಹೋಗಿ ಅದನ್ನು ಹಾಶಿಮ್‌ನ ಮೇಜಿನ ಮೇಲಿಟ್ಟ.

“ಇದೂ ಸದ್ದು ಮಾಡುತ್ತೆ.”

“ಎರಡು ಬಾಕ್ಸ್, ಎರಡು ಕಂಪನಿ, ಸದ್ದು ಒಂದೇನಾ?” ಎಂದು ಹಾಶಿಮ್ ಹುಬ್ಬೇರಿಸಿದ. ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಭಾರದ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹೊತ್ತು ತಂದ. “ಎಪ್ಪತ್ತು ಡೆಸಿಬಲ್ ಸಾರ್. ಮೂರು ಸಾವಿರ ಪಟ್ಟು ದೊಡ್ಡದು ಮಾಡುತ್ತೆ. ಇದಕ್ಕಿಂತ ಸೈಲೆಂಟ್ ಬೇಕು ಅಂದ್ರೆ ನೀವು ಖಬರಸ್ತಾನಕ್ಕೇ ಹೋಗ್ಬೇಕು.”

“ಇದರಲ್ಲೂ ಸದ್ದು ಬಂದರೆ?”

“ಬಂದ್ರೆ ಸದ್ದು ಬಾಕ್ಸಲ್ಲಿ ಇಲ್ಲ ಸಾರ್, ನಿಮ್ಮ ಮನೇಲಿದೆ. ಒಂದು ನೆನಪಿಡಿ. ಈ ಮೈಕಿಗೆ ಮುಂದೆ ಒಂದು ಕಿವಿ, ಹಿಂದೆ ಒಂದು ಕಿವಿ. ಎಡಕ್ಕೆ, ಬಲಕ್ಕೆ ಫುಲ್ ಕಿವುಡು. ಹಿಂದ್ಗಡೆ ಯಾರು ಕೂರ್ತಾರೆ?”

“ನಾನೇ. ಪ್ಲಗ್ ಪಾಯಿಂಟ್ ಅಲ್ಲೇ ಇರೋದು.”

“ನಿಮ್ಮಿಂದ ಸದ್ದು?”

ಭೀಮಾಶಂಕರ ಎದೆಯುಬ್ಬಿಸಿದ. ಗಲ್ಲಿಗೆಲ್ಲ ಕೇಳುವ ಹಾಗೆ ಹೇಳಿದ:

“ನನ್ನಿಂದಾ? ಸೊನ್ನೆ!”

ರೇವತಿ ಸೆರಗು ಬಾಯಿಗಿಟ್ಟು ಕೆಮ್ಮಿದಳು. ಹಳೇ ಸಾಮಾನಿನ ಧೂಳು ಎಂದುಕೊಂಡ ಅವನು.

ಆ ಸಂಜೆ ಮೂರನೆಯ ಪ್ರಿಆಂಪಿಗೆ ತಂತಿ ಸಿಕ್ಕಿಸಿ ಹೆಡ್‌ಫೋನ್ ಹಾಕಿಕೊಂಡ. ಅಬ್ಬಬ್ಬಾ! ಅಮೃತಮ್ಮನ ಬಳೆಯ ಸದ್ದು ಬೆಳ್ಳಿ ನಾಣ್ಯದಂತೆ ಕೇಳಿತು. ಅವರು ಎಂಜಲು ನುಂಗಿದ್ದು ಬಾವಿಗೆ ಕೊಡ ಇಳಿದಂತೆ ಕೇಳಿತು. ಮತ್ತು, ಎಲ್ಲಕ್ಕಿಂತ ಸ್ಪಷ್ಟವಾಗಿ, ‘ಸುಂಯ್‌ಯ್‌ಯ್… ಸುಂಯ್‌ಯ್‌ಯ್…’!

ಹಾಗಾದರೆ ಸದ್ದು ಮನೆಯಲ್ಲೇ ಇದೆ. ಭೀಮಾಶಂಕರ ನೋಟ್‌ಬುಕ್ ತೆಗೆದ. ಮನೆಯಲ್ಲಿ ಸದ್ದು ಮಾಡಬಲ್ಲ ಎಲ್ಲದರ ಪಟ್ಟಿ ಬರೆದ. ಒಂದೊಂದನ್ನೇ ನಿಲ್ಲಿಸುತ್ತ ಹೋದರೆ ಅಪರಾಧಿ ಸಿಕ್ಕೇ ಸಿಗಬೇಕು. ಇದು ವಿಜ್ಞಾನ!

ಭಾನುವಾರ ಗಡಿಯಾರದ ನಂತರ ಬಲಿಯಾದದ್ದು ಫ್ಯಾನು. ಆಮೇಲೆ ಫ್ರಿಜ್.

“ಹಾಲು ಒಡದ್ರ?”

“ಹಾಡಿಗಿಂತ ಹಾಲು ದೊಡ್ಡದೇನು?”

“ಚಾ ಕೇಳ್ತೀರಲ್ಲ, ಆವಾಗ ಹೇಳ್ತೀನಿ.”

ಮೂವರ ಮೊಬೈಲುಗಳನ್ನೂ ಆಫ್ ಮಾಡಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟ. ಹಾಸಿಗೆಗಳನ್ನು ಕಿಟಕಿಗೆ, ಬಾಗಿಲಿಗೆ ಆನಿಸಿದ. ಅಮೃತಮ್ಮನ ಕೈಬಳೆಗಳನ್ನು, “ತಪ್ಪು ತಿಳೀಬ್ಯಾಡ್ರಿ ಅತ್ತಿ,” ಎಂದು ಕೈಮುಗಿದು ತೆಗೆಸಿದ. ಉಳಿದದ್ದು ನೀರಿನ ಮೋಟಾರು. ಅದು ಮನೆಯೊಡತಿ ಗಂಗಲಕ್ಷ್ಮಮ್ಮನ ಕೈಯಲ್ಲಿತ್ತು.

“ಅಮ್ಮ, ಅರ್ಧ ಗಂಟೆ ಮೋಟಾರ್ ಹಾಕ್ಬೇಡಿ. ನಮ್ಮ ಅತ್ತೆ ಹಾಡ್ತಾರೆ.”

“ಟ್ಯಾಂಕು ತಳ ಕಂಡಿದೆ ಕಣಪ್ಪ. ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ, ಆಯ್ತಾ? ಎಂಟು ಮನೆಯವರು ಇದ್ದಾರೆ,” ಎಂದು ಗಂಗಲಕ್ಷ್ಮಮ್ಮ ಒಪ್ಪಿಕೊಂಡು, ಹಾಡು ಕೇಳಲೆಂದು ತಾವೂ ಬಂದು ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತರು.

ಕೋಣೆಯ ನಡುವೆ ಮೈಕ್. ಮುಂದೆ ಅಮೃತಮ್ಮ. ಹಿಂದೆ, ಎರಡಡಿ ದೂರದಲ್ಲಿ, ಹೆಡ್‌ಫೋನ್ ತೊಟ್ಟು ಪ್ರಿಆಂಪಿನ ದೀಪಗಳ ಮೇಲೆ ಬಗ್ಗಿದ ಭೀಮಾಶಂಕರ. ಒಲೆಯ ಮೂಲೆಯಲ್ಲಿ, ಅಲ್ಲಾಡಕೂಡದೆಂಬ ಆಜ್ಞೆಯೊಂದಿಗೆ, ರೇವತಿ.

ಅಮೃತಮ್ಮ ಹಾಡಿದರು. ಹೊಸ ಸೊಸೆಯೊಬ್ಬಳು ಬೀಸುವ ಕಲ್ಲನ್ನೇ ತವರಿನ ಸುದ್ದಿ ಕೇಳುವ ಪದ ಅದು.

‘ಸುಂಯ್‌ಯ್‌ಯ್…’

“ನಿಲ್ಲಸ್ರಿ ಅತ್ತಿ! ಇನ್ನೂ ಅದ!”

ಗೂಡಿನ ಒಳಗಿದ್ದ ಹಲ್ಲಿಯನ್ನು ಓಡಿಸಿದ. ಮತ್ತೆ ಹಾಡು. ‘ಸುಂಯ್‌ಯ್‌ಯ್…’ ಗ್ಯಾಸ್ ಸಿಲಿಂಡರನ್ನು ಹೊರಗೆ ಉರುಳಿಸಿದ. ಮತ್ತೆ ಹಾಡು. ಹೆಚ್ಚು ಗಮನವಿಟ್ಟು ಆಲಿಸಿದಷ್ಟೂ ಸದ್ದು ಹೆಚ್ಚುತ್ತಿತ್ತು! ಇಂಥ ಕುಟಿಲ ಸದ್ದನ್ನು ಅವನು ತನ್ನ ವೃತ್ತಿಜೀವನದಲ್ಲೇ ಕಂಡಿರಲಿಲ್ಲ.

“ಅರ್ಧ ಗಂಟೆ ಆಯ್ತೇನಪ್ಪಾ?” ಬಾಗಿಲ ಹಾಸಿಗೆಯಾಚೆಯಿಂದ ಗಂಗಲಕ್ಷ್ಮಮ್ಮ.

ಭೀಮಾಶಂಕರ ಗೋಡೆ ನೋಡಿದ. ಗಡಿಯಾರ ಏಳು ಹನ್ನೆರಡು ತೋರಿಸುತ್ತಿತ್ತು. “ಇನ್ನೂ ಇಲ್ಲಮ್ಮ!”

ಎರಡನೆಯ ಸಲ ಕೇಳಿದರು. ಏಳು ಹನ್ನೆರಡು. ಮೂರನೆಯ ಸಲ ಕೇಳಿದರು. ಆಗಲೂ ಏಳು ಹನ್ನೆರಡೇ.

ನಾಲ್ಕನೆಯ ಸಲ ಬಾಗಿಲ ಹಾಸಿಗೆಯೇ ಒಳಕ್ಕೆ ಬಿತ್ತು. ಅದರ ಮೇಲೆ ಪಕ್ಕದ ಕೋಣೆಯ ದುರ್ಗೇಶ ನಿಂತಿದ್ದ. ಸೊಂಟಕ್ಕೆ ಟವೆಲ್, ತಲೆಯಿಂದ ಗದ್ದದವರೆಗೆ ಸೋಪಿನ ನೊರೆ.

“ಗುರು, ಕಣ್ಣು ಉರೀತಿದೆ ಗುರು! ನಲ್ಲೀಲಿ ಗಾಳಿ ಬರ್ತಿದೆ! ಹತ್ತು ಗಂಟೆ ಆಯ್ತು!”

“ಹತ್ತಾ?” ಗಂಗಲಕ್ಷ್ಮಮ್ಮ ಗಡಿಯಾರ ನೋಡಿದರು, ಭೀಮಾಶಂಕರನನ್ನು ನೋಡಿದರು. “ಸೆಲ್ ತೆಗೆದಿಟ್ಟು ಟೈಮ್ ಹೇಳ್ತೀಯೇನಪ್ಪಾ ನೀನು?”

ಅವನು ಉತ್ತರಿಸುವ ಮೊದಲೇ ರೇವತಿ ಒಲೆಯ ಮೂಲೆಯಿಂದ ಎದ್ದು ಬಂದಳು. ಮಂಗಳವಾರದಿಂದ ಒಂದು ಸಲವೂ ಅವಳ ಕೈಗೆ ಕೊಡದಿದ್ದ ಹೆಡ್‌ಫೋನನ್ನು ಗಂಡನ ಕಿವಿಯಿಂದ ಎಳೆದು ತನ್ನ ಕಿವಿಗಿಟ್ಟುಕೊಂಡಳು.

“ರೆಕಾರ್ಡ್ ಹಾಕ್ರಿ, ನಾನೂ ಕೇಳ್ತೀನಿ.”

“ಇದು ಸೂಕ್ಷ್ಮದ ಕೆಲಸ, ನಿನಗ…”

“ಹಾಕ್ರಿ ಅಂದೆ.”

ಹಾಕಿದ. ಅವಳು ಮೂರು ಸೆಕೆಂಡು ಕೇಳಿದಳು. ನಾಲ್ಕನೆಯ ಸೆಕೆಂಡಿಗೆ ಗೋಡೆ ಹಿಡಿದುಕೊಂಡು ನಗತೊಡಗಿದಳು.

“ಅಯ್ಯ, ಇದು ಪ್ರಿಆಂಪ್ ಅಲ್ರೀ! ನಿಮ್ಮ ಮೂಗು!”

“ನನ್ನ… ಏನು?”

“ಮೂಗು! ಸೂಜಿಗೆ ದಾರ ಪೋಣಸುವಾಗ, ಪೇಪರಿನಾಗ ಸುಡೊಕು ಮಾಡುವಾಗ, ನಿಮ್ಮ ಮೂಗು ಸಿಳ್ಳಿ ಹೊಡೀತದ. ಒಂಬತ್ತು ವರ್ಷದಿಂದ ಕೇಳ್ಲತ್ತೀನಿ. ಯಾವುದೋ ಹೊಸಾ ಸದ್ದು ಹುಡುಕ್ಲತ್ತೀರಿ ಅಂತ ನಾ ಸುಮ್ಮನಿದ್ದೆ!”

ಅಸಾಧ್ಯ, ಎಂದ ಭೀಮಾಶಂಕರ. ಆದರೆ ಅವನು ವಿಜ್ಞಾನದ ವಿದ್ಯಾರ್ಥಿ. ಹೆಡ್‌ಫೋನ್ ಹಾಕಿಕೊಂಡು, ದೀಪಗಳ ಮೇಲೆ ಬಗ್ಗಿ, ಮೂಗು ಹಿಡಿದ. ನಿಶ್ಶಬ್ದ. ಬಿಟ್ಟ. ಸುಂಯ್. ಹಿಡಿದ. ನಿಶ್ಶಬ್ದ. ಒಂದು ಸಲದ ಫಲಿತಾಂಶವನ್ನು ನಂಬಬಾರದೆಂದು ಮೂರು ಸಲ ಮಾಡಿದ. ಗಂಗಲಕ್ಷ್ಮಮ್ಮ, ಒಂದು ಕಣ್ಣು ಮುಚ್ಚಿದ ದುರ್ಗೇಶ, ಹೆಂಡತಿ, ಅತ್ತೆ, ಇಷ್ಟೂ ಸಾಕ್ಷಿಗಳ ಎದುರು ಅವನು ತನ್ನ ಮೂಗನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಅಪರಾಧವನ್ನು ವೈಜ್ಞಾನಿಕವಾಗಿ ಸಾಬೀತುಪಡಿಸಿದ. ಇಡೀ ಮನೆಯ ಸದ್ದುಗಳನ್ನು ಪಟ್ಟಿ ಮಾಡಿದವನು ಪಟ್ಟಿ ಬರೆದವನನ್ನೇ ಬಿಟ್ಟಿದ್ದ!

“ಪ್ರಯೋಗ ಮುಗೀತಾ?” ಎಂದರು ಗಂಗಲಕ್ಷ್ಮಮ್ಮ. “ಮೋಟಾರ್ ಹಾಕ್ಲಾ?”

ಮೋಟಾರು ಗುಡುಗಿತು. ದುರ್ಗೇಶ ನೊರೆ ಹಾರಿಸುತ್ತ ಓಡಿದ. ಆಗ ಅಮೃತಮ್ಮ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ, ಮಗಳಿಗೆ ಹೇಳಿದರು:

“ನನಗ ಮಂಗಳಾರದಿಂದ ಗೊತ್ತಿತ್ತವ್ವಾ.”

“ಯವ್ವಾ! ಮತ್ತ ಹೇಳಬೇಕಿಲ್ಲೇನು?”

“ಎದುರಿಗೇ ಕುಂತೀನಿ, ಕೇಳದೆ ಇರ್ತದೇನು? ಆದ್ರ ಅಳಿಯಂದಿರ ಮೂಗಿನ ಮಾತು ಅತ್ತಿ ಆದಾಕಿ ಹ್ಯಾಂಗ ಎತ್ತಬೇಕು?”

ಭೀಮಾಶಂಕರನ ಆರು ದಿನ, ಮೂರು ಪ್ರಿಆಂಪ್, ಎಂಟು ಮನೆಯ ನೀರು, ಎಲ್ಲ ಒಂದು ಮರ್ಯಾದೆಗೆ ಆಹುತಿಯಾಗಿದ್ದವು. ಅವನು ಮೂಗಿನ ತುದಿಯವರೆಗೂ ಕೆಂಪಾದ.

ಟ್ಯಾಂಕು ತುಂಬಿದ ಮೇಲೆ ರೇವತಿ ಆಡಳಿತ ವಹಿಸಿಕೊಂಡಳು. ಪ್ರಿಆಂಪಿನ ಮುಂದೆ ಅವಳು ಕೂತಳು. ಗಂಡನನ್ನು ಮೆಟ್ಟಿಲಿಗೆ ಕಳಿಸಿದಳು. “ಹಾಡವ್ವಾ.”

ಅಮೃತಮ್ಮ ಬಾಯಿ ತೆರೆದರು. ದನಿ ಏರಿತು, ಎಲ್ಲೋ ಜಾರಿತು, ನಿಂತಿತು. ಮತ್ತೆ ಶುರು ಮಾಡಿದರು, ಈ ಸಲ ತೀರ ಕೆಳಗೆ ಹಿಡಿದರು. ಮೂರನೆಯ ಸಲ ಅರ್ಧಕ್ಕೇ ಬಿಟ್ಟರು.

“ಏನಾತು ಯವ್ವಾ? ಹಲ್ಲು ನೋಯ್ತದೇನು?”

ಅಮೃತಮ್ಮ ಕಷ್ಟಪಟ್ಟು ಬಾಯಿ ಬಿಟ್ಟರು. “ಊರಾಗ ಬೀಸೂ ಕಲ್ಲು ಗುಂಯ್ ಅಂತಿತ್ತು, ಅದಕ್ಕ ದನಿ ಹಚ್ಚತಿದ್ದೆ. ಇಲ್ಲಿ ಕಲ್ಲಿಲ್ಲ. ಅದಕ್ಕ… ಅಳಿಯಂದಿರದಕ್ಕ ಹಚ್ಚಿದ್ದೆ. ಛಲೋ ಶ್ರುತಿ ಅದ ಅವ್ವಾ. ನಮ್ಮೂರ ಭಜನಿ ಅಂಬಣ್ಣನ ಹಾರ್ಮೋನಿಯಂಗಿಂತ ಛಲೋ.”

ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡ ಭೀಮಾಶಂಕರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಳಗಿದ್ದರೆ ರೆಕಾರ್ಡ್ ಕೆಡುತ್ತದೆ, ಹೊರಗಿದ್ದರೆ ಹಾಡೇ ಹುಟ್ಟುವುದಿಲ್ಲ! ನಾಳೆ ಹನ್ನೊಂದು ಗಂಟೆಗೆ ಹಲ್ಲು ಹೋಗುತ್ತದೆ. ಅವನು ತಲೆಯ ಮೇಲೆ ಕೈಹೊತ್ತು ಕೂತ. ಆಗ ಹಾಶಿಮ್‌ನ ಮಾತು ನೆನಪಾಯಿತು. ಎಡಕ್ಕೆ, ಬಲಕ್ಕೆ ಫುಲ್ ಕಿವುಡು.

ಅವನು ಹಾರಿ ಒಳಗೆ ಬಂದ. ಹಳೆಯ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತೆಗೆದ. ಮೈಕಿನ ಬಲಕ್ಕೆ, ಸರಿಯಾಗಿ ತೊಂಬತ್ತು ಡಿಗ್ರಿಗೆ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದ. ಗೆರೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅಲ್ಲಿಂದ ಅವನ ಮೂಗು ಅತ್ತೆಗೆ ಕೇಳುತ್ತದೆ, ಮೈಕಿಗೆ ಕೇಳುವುದಿಲ್ಲ!

“ಸುಮ್ಮನ ಕುಂತ್ರ ಅದು ಸಿಳ್ಳಿ ಹೊಡೆಯಂಗಿಲ್ಲ,” ಎಂದಳು ರೇವತಿ, ಅನುಭವದಿಂದ. ಅಂಗಿಯ ಗುಂಡಿ ಹೊಲಿಯುವ ಸಣ್ಣ ಸೂಜಿ ಮತ್ತು ಬಿಳಿ ದಾರ ತಂದು ಅವನ ಕೈಗಿಟ್ಟಳು. “ಪೋಣಸ್ರಿ. ಪೋಣಿಸಿದ ಮ್ಯಾಲ ಬಿಚ್ಚಿ ಮತ್ತ ಪೋಣಸ್ರಿ.”

ಬಿ.ಎಸ್ಸಿ. ಪದವೀಧರ ಕಣ್ಣು ಕಿರಿದು ಮಾಡಿ ಸೂಜಿಯ ಮೇಲೆ ಬಗ್ಗಿದ. ಅಮೃತಮ್ಮ ಕಣ್ಣು ಮುಚ್ಚಿದರು, ಒಮ್ಮೆ ತಲೆದೂಗಿದರು, ದನಿ ತೆಗೆದರು. ಮೆಟ್ಟಿಲ ಮೇಲೆ ಮತ್ತೆ ಬಂದು ಕೂತಿದ್ದ ಗಂಗಲಕ್ಷ್ಮಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. ರೇವತಿ ಹೆಡ್‌ಫೋನಿನ ಮೇಲೆ ಎರಡೂ ಕೈ ಒತ್ತಿ ಹಿಡಿದು ಹಾಗೇ ಕೂತಳು. ಅವಳ ತಲೆ ಸ್ವಲ್ಪ ವಾಲಿತ್ತು, ಯಾರದೋ ತೊಡೆಯ ಮೇಲೆ ಇಟ್ಟ ಹಾಗೆ. ಭೀಮಾಶಂಕರ ಅದನ್ನು ನೋಡಿ, ದಾರ ತಪ್ಪಿಸಿ, ಮತ್ತೆ ಪೋಣಿಸತೊಡಗಿದ.

ಸಂಜೆ ಐದರೊಳಗೆ ಇಪ್ಪತ್ತೆರಡೂ ಪದ ಮುಗಿದವು. ಚಹಾಕ್ಕೆ ಮಾತ್ರ ಹಾಲಿರಲಿಲ್ಲ, ಒಡೆದಿತ್ತು.

ಸೋಮವಾರ ಸಂಜೆ ಹಾಶಿಮ್ ಪ್ರಿಆಂಪ್ ಒಯ್ಯಲು ಹೊರಮಾವಿಗೇ ಬಂದ. ಹೆಡ್‌ಫೋನ್ ಹಾಕಿಕೊಂಡು ಒಂದಿಡೀ ಪದ ಕೇಳಿದ. ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ.

“ಅರೆ ವ್ಹಾ! ಅಮ್ಮ ಪಕ್ಕದಲ್ಲೇ ಕೂತ ಹಾಗಿದೆ. ಸುತ್ತ ಏನೂ ಇಲ್ಲ. ನಾನು ಹೇಳಿಲ್ವಾ, ಬಾಕ್ಸಲ್ಲಿ ಸದ್ದಿಲ್ಲ ಅಂತ? ಅದೇನು ಸಾರ್ ಸದ್ದು ಮಾಡ್ತಿದ್ದಿದ್ದು?”

ಭೀಮಾಶಂಕರ ಕೋನಮಾಪಕವನ್ನು ಒರೆಸತೊಡಗಿದ. ರೇವತಿ ಚಹಾದ ಲೋಟ ನೋಡತೊಡಗಿದಳು.

“ಹೋಗ್ಲಿ ಬಿಡಿ. ನಿನ್ನೆ ನೀವು ಒಳಗೇ ಇದ್ರಾ? ನಿಮ್ಮಿಂದ ಎಷ್ಟು?”

ಭೀಮಾಶಂಕರ ಕೋನಮಾಪಕವನ್ನು ತಿರುಗಿಸಿ ಇನ್ನೊಂದು ಬದಿ ಒರೆಸಿದ. ಮೂಲೆಯಲ್ಲಿ ಅಮೃತಮ್ಮ ಗೋಡೆಗೊರಗಿ ಕೂತಿದ್ದರು. ನಾಲ್ಕು ಹಲ್ಲು ಹೋಗಿ ಬಾಯಿತುಂಬ ಹತ್ತಿ. ಇವತ್ತು ಮಾತಾಡಕೂಡದೆಂದು ವೈದ್ಯರು ಹೇಳಿದ್ದರು. ಅವರು ಅಳಿಯನ ಕಡೆ ಒಮ್ಮೆ ನೋಡಿದರು. ಆಮೇಲೆ, ಅಳಿಯನ ಮರ್ಯಾದೆ ಕಾಯುವ ಅದೇ ಗಾಂಭೀರ್ಯದಲ್ಲಿ, ಹಾಶಿಮ್‌ಗೆ ಕಾಣುವ ಹಾಗೆ ಕೈಯೆತ್ತಿ, ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ದುಂಡಗೆ ಮಾಡಿ ತೋರಿಸಿದರು:

ಸೊನ್ನೆ.